ಒಡೆದ ಹಿಮ್ಮಡಿಗೆ ಯಂತ್ರವೋ, ಜೆಲ್ಲಿಯೋ, ಯೂರಿಯಾ ಮುಲಾಮೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಯೂರಿಯಾ ಇರುವ ಮುಲಾಮಿಗೆ. ಹಿಮ್ಮಡಿ ಉಜ್ಜುವ ಬ್ಯಾಟರಿ ಯಂತ್ರಕ್ಕೆ ಎಂಟುನೂರು ರೂಪಾಯಿ ಸುರಿದು, ಪೆಟ್ರೋಲಿಯಂ ಜೆಲ್ಲಿಯ ಎರಡು ಡಬ್ಬಿ ಖಾಲಿ ಮಾಡಿದ ಮೇಲೆ ಇಲ್ಲಿಗೆ ಬಂದು ಮುಟ್ಟಿದ್ದೇನೆ. ಕೊಪ್ಪಳದ ಹತ್ತಿರದ ಹಳ್ಳಿಯೊಂದರ ಶಾಲೆಯಲ್ಲಿ ಪಾಠ ಹೇಳುವವಳು ನಾನು. ದಿನಕ್ಕೆ ಐದು ತಾಸು ನಿಂತೇ ಇರುತ್ತೇನೆ. ಮನೆಯಲ್ಲಿ ಅವ್ವ ಇದ್ದಾಳೆ, ಅವಳಿಗೆ ಹದಿನಾಲ್ಕು ವರ್ಷಗಳಿಂದ ಸಕ್ಕರೆ ಕಾಯಿಲೆ. ಹಾಗಾಗಿ ಈ ಪರೀಕ್ಷೆ ನಾಲ್ಕು ಕಾಲುಗಳ ಮೇಲೆ ನಡೆದದ್ದು.

ನಮ್ಮ ಕಡೆಯ ಎರೆಹೊಲ ಬೇಸಿಗೆಯಲ್ಲಿ ಬಾಯಿ ಬಿಡುವುದನ್ನು ಕಂಡವರಿಗೆ ಹಿಮ್ಮಡಿ ಏಕೆ ಒಡೆಯುತ್ತದೆ ಎಂದು ಹೆಚ್ಚು ವಿವರಿಸಬೇಕಿಲ್ಲ. ಅಂಗಾಲಿನಲ್ಲಿ ಬೆವರಿನ ಗ್ರಂಥಿಗಳಿವೆ, ಎಣ್ಣೆಯ ಗ್ರಂಥಿಗಳಿಲ್ಲ. ಅಲ್ಲಿನ ದಪ್ಪ ಚರ್ಮ ಒಣಗಿತೆಂದರೆ ಹಿಗ್ಗುವುದಿಲ್ಲ. ಮೈಭಾರ ಬಿದ್ದಾಗ ಹಿಮ್ಮಡಿಯ ಮೆತ್ತೆ ಪಕ್ಕಕ್ಕೆ ಹರಡುತ್ತದೆ, ಅಂಚು ಸೀಳುತ್ತದೆ. ಹಿಂದೆ ಪಟ್ಟಿ ಇಲ್ಲದ ಚಪ್ಪಲಿಯಲ್ಲಿ ಹರಡುವುದು ಇನ್ನೂ ಹೆಚ್ಚು.

ಯಂತ್ರವನ್ನು ತರಿಸಿದ್ದು ಗವಿಮಠದ ಜಾತ್ರೆಗೆ ಮೂರು ದಿನ ಮೊದಲು, ಜನವರಿಯ ಒಣಗಾಳಿಯಲ್ಲಿ. ಒಣಗಿದ ಹಿಮ್ಮಡಿಯ ಮೇಲೆ ಓಡಿಸಿದೆ. ಬಿಳಿ ಹಿಟ್ಟು ಉದುರಿ, ಒಳಗಿನಿಂದ ಗುಲಾಬಿ ಬಣ್ಣದ ಮೆತ್ತನೆಯ ಚರ್ಮ ಕಂಡಾಗ ಖುಷಿಯಾಯಿತು. ಇನ್ನೂ ಸ್ವಲ್ಪ ಎಂದು ಇನ್ನೊಂದು ಸುತ್ತು ಹೊಡೆದೆ. ಜಾತ್ರೆಯ ದಿನ ದಾಸೋಹದಲ್ಲಿ ಬರಿಗಾಲಲ್ಲಿ ನಿಂತು ಬಡಿಸುವಾಗ ಹಳೆಯ ಸೀಳು ಮತ್ತೆ ಬಿಚ್ಚಿಕೊಂಡಿತು. ಮನೆಗೆ ಬಂದು ಕಾಲು ಒರೆಸಿದರೆ ಟವೆಲ್ಲಿನಲ್ಲಿ ರಕ್ತ. ಎಷ್ಟು ಹೋಯಿತು, ಎಷ್ಟು ಉಳಿಯಿತು ಎಂಬುದು ಯಂತ್ರದ ವೇಗದಲ್ಲಿ ಕೈಗೆ ಗೊತ್ತಾಗುವುದಿಲ್ಲ. ಜೋರಾಗಿ ಉಜ್ಜಿದ ಜಾಗದಲ್ಲಿ ಚರ್ಮ ಮತ್ತೆ ದಪ್ಪವಾಗಿಯೇ ಬೆಳೆಯುತ್ತದೆ. ಯಂತ್ರದ ವಿಚಾರ ಇಷ್ಟು ಸಾಕು.

ಜೆಲ್ಲಿಯ ಬಗ್ಗೆ ನನಗೆ ಗೌರವವಿದೆ. ಅಗ್ಗ, ಉರಿಯುವುದಿಲ್ಲ, ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಆದರೆ ಅದು ಚರ್ಮಕ್ಕೆ ನೀರು ಕೊಡುವುದಿಲ್ಲ, ಇರುವ ನೀರನ್ನು ಹೊರಗೆ ಹೋಗದಂತೆ ತಡೆಯುತ್ತದೆ, ಅಷ್ಟೇ. ಇದು ತಿಳಿಯದೆ ನಾನು ಒಂದು ತಿಂಗಳು ಒಣಗಾಲಿಗೆ ಹಚ್ಚಿ ಕಾಲಹರಣ ಮಾಡಿದೆ. ಕಾಲು ತೊಳೆದು, ಮೇಲಿನ ನೀರನ್ನಷ್ಟೇ ಒತ್ತಿಕೊಂಡು, ಚರ್ಮ ಇನ್ನೂ ತೇವವಾಗಿರುವಾಗಲೇ ಹಚ್ಚಬೇಕು.

ಕಾಟ ಶುರುವಾಗುವುದು ಹಚ್ಚಿದ ಮೇಲೆ. ನಮ್ಮ ಮನೆಯ ನೆಲ ನಯವಾದ ಕಲ್ಲಿನದು. ಮೂರನೆಯ ರಾತ್ರಿಯೇ ಅವ್ವ ಬಚ್ಚಲಿಗೆ ಎದ್ದವಳು ಬಾಗಿಲ ಚೌಕಟ್ಟು ಹಿಡಿದು ಬಚಾವಾದಳು. ಅರವತ್ತೆಂಟರ ವಯಸ್ಸಿನಲ್ಲಿ ಒಮ್ಮೆ ಜಾರಿಬಿದ್ದರೆ ಏನಾಗುತ್ತದೆ ಎಂದು ನೆನೆದು ನನಗೆ ಬೆಳಗಿನವರೆಗೆ ನಿದ್ದೆ ಹತ್ತಲಿಲ್ಲ. ಇನ್ನು ನಾನು ಬರಿಗಾಲಲ್ಲಿ ಅಂಗಳಕ್ಕೆ ಹೋಗಿ ಬಂದರೆ ಧೂಳೆಲ್ಲ ಅಂಟಿ, ಹಾಸಿಗೆಯ ಮೇಲೆ ಕಂದು ಹೆಜ್ಜೆಗಳು ಮೂಡುತ್ತಿದ್ದವು.

ಕಾಲುಚೀಲ ಹಾಕಿಕೊಂಡು ಮಲಗಿ ಎಂದು ಎಲ್ಲರೂ ಹೇಳುತ್ತಾರೆ. ಹಾಗೆ ಹೇಳುವವರು ಏಪ್ರಿಲ್ ತಿಂಗಳಲ್ಲಿ ಕೊಪ್ಪಳದಲ್ಲಿ ಒಂದು ರಾತ್ರಿ ಕಳೆಯಬೇಕು. ಹಗಲು ನಲವತ್ತು ಡಿಗ್ರಿ ಕಾದ ತಾರಸಿ ನಡುರಾತ್ರಿಯವರೆಗೂ ಬಿಸಿ ಉಗುಳುತ್ತಿರುತ್ತದೆ. ಕರೆಂಟು ಹೋಗಿ ಫ್ಯಾನು ನಿಂತರಂತೂ ಕಾಲುಚೀಲದೊಳಗೆ ಬೆವರಿನ ಮಡು. ಒಂದು ವಾರದಲ್ಲಿ ಕಿರುಬೆರಳಿನ ಸಂದಿ ಬೆಳ್ಳಗೆ ನೆನೆದು ತುರಿಸತೊಡಗಿತು. ಬೆರಳ ಸಂದಿ ಒದ್ದೆಯಾಗಿ ಉಳಿದರೆ ಶಿಲೀಂಧ್ರ ಹಿಡಿಯುತ್ತದೆ. ಒಡಕು ಮುಚ್ಚಲು ಹೋಗಿ ತುರಿಕೆ ತಂದುಕೊಂಡ ಹಾಗಾಯಿತು.

ಕೊನೆಗೆ ಮಗನ ಹಳೆಯ ಶಾಲೆಯ ಕಾಲುಚೀಲಗಳಿಗೆ ಕತ್ತರಿ ಹಾಕಿದೆ. ಬೆರಳಿನ ಭಾಗವನ್ನು ಪೂರ್ತಿ ಕತ್ತರಿಸಿದೆ, ಮೇಲಿನ ಬಿಗಿ ಎಲಾಸ್ಟಿಕ್ಕನ್ನೂ ತೆಗೆದೆ. ಉಳಿದದ್ದು ಹಿಮ್ಮಡಿಯನ್ನು ಮಾತ್ರ ಹಿಡಿಯುವ ಹತ್ತಿಯ ಪಟ್ಟಿ. ಬೆರಳಿಗೆ ಗಾಳಿ, ಹಾಸಿಗೆಗೆ ರಕ್ಷಣೆ. ಜೆಲ್ಲಿಯನ್ನೇ ಬಳಸುವವರು ಇದನ್ನು ಮಾಡಿ ನೋಡಿ, ನಿಜಕ್ಕೂ ಅನುಕೂಲ. ಆದರೆ ಹಚ್ಚಿಕೊಂಡ ಮೇಲೆ ನೆಲಕ್ಕೆ ಕಾಲಿಡಬಾರದು ಎಂಬುದು ಹಾಗೆಯೇ ಉಳಿಯಿತು. ರಾತ್ರಿ ಮೂರು ಸಲ ಏಳುವ ಅವ್ವನಿಗೆ ಇದು ಆಗದ ಮಾತು.

ಆಗ ಔಷಧಿ ಅಂಗಡಿಯವರು ಕೊಟ್ಟದ್ದು ಯೂರಿಯಾ ಮುಲಾಮು. ಟ್ಯೂಬಿನ ಮೇಲಿನ ಹೆಸರನ್ನು ನಾನು ಓದಿದ್ದೇ ತಡ ಅವ್ವ, “ಹೊಲಕ್ಕೆ ಹಾಕುವ ಯೂರಿಯಾವನ್ನು ಕಾಲಿಗೆ ಹಚ್ಚುತ್ತೀಯೇನವ್ವಾ?” ಎಂದಳು. ವಸ್ತು ಅದೇ, ಆದರೆ ಗೊಬ್ಬರದ ಚೀಲದಿಂದ ತೆಗೆದು ಮನೆಯಲ್ಲಿ ಕಲಸುವ ಸಾಹಸ ಯಾರೂ ಮಾಡಬಾರದು. ನಮ್ಮ ಚರ್ಮದಲ್ಲೇ ಸ್ವಲ್ಪ ಯೂರಿಯಾ ಇರುತ್ತದೆ, ಅದು ತೇವವನ್ನು ಹಿಡಿದಿಡುತ್ತದೆ. ಮುಲಾಮಿನಲ್ಲಿ ಶೇಕಡಾ 10ರ ಆಸುಪಾಸಿನಲ್ಲಿದ್ದರೆ ಮುಖ್ಯವಾಗಿ ಆ ಕೆಲಸ. 20ಕ್ಕೆ ಏರಿದರೆ ಸತ್ತ ದಪ್ಪ ಚರ್ಮವನ್ನೂ ಸಡಿಲಿಸುತ್ತದೆ. ಅಂದರೆ ಯಂತ್ರ ಒರಟಾಗಿ ಮಾಡಿದ್ದನ್ನು ಇದು ನಿಧಾನವಾಗಿ ಮಾಡುತ್ತದೆ. ಹತ್ತು ನಿಮಿಷದಲ್ಲಿ ಇಂಗುತ್ತದೆ, ಜಾರುವ ಭಯ ಕಡಿಮೆ. ಬಿಚ್ಚಿದ ಸೀಳಿಗೆ ಮಾತ್ರ ಉರಿಯುತ್ತದೆ. ರಕ್ತ ಬರುತ್ತಿದ್ದರೆ ಮೊದಲು ಆ ಗಾಯ ಮಾಯಬೇಕು. ನನ್ನ ಹಿಮ್ಮಡಿ ಮೂರನೆಯ ವಾರಕ್ಕೆ ಸೀರೆಯ ಅಂಚಿಗೆ ಸಿಕ್ಕಿಕೊಳ್ಳುವುದನ್ನು ಬಿಟ್ಟಿತು.

ಹೀಗೆ ಒಂದು ರಾತ್ರಿ ಅವ್ವನ ಹಿಮ್ಮಡಿಗೆ ಹಚ್ಚುವಾಗ ಬೆರಳಿಗೆ ಏನೋ ಚುಚ್ಚಿತು. ಮೊಬೈಲಿನ ಟಾರ್ಚ್ ಹಿಡಿದು ನೋಡಿದರೆ ಬಳ್ಳಾರಿ ಜಾಲಿಯ ಮುಳ್ಳಿನ ತುದಿ, ಚಪ್ಪಲಿಯ ಅಟ್ಟೆಯನ್ನು ದಾಟಿ ಚರ್ಮದೊಳಗೆ ಮುರಿದು ಕೂತಿತ್ತು. ಸುತ್ತ ಕೆಂಪಾಗಿತ್ತು. ಅವ್ವನಿಗೆ ಗೊತ್ತೇ ಇರಲಿಲ್ಲ. ಮರುದಿನ ಮುಳ್ಳು ತೆಗೆದ ವೈದ್ಯರು, ಅವಳಿಗೆ ಕಣ್ಣು ಮುಚ್ಚಿಕೊಳ್ಳಲು ಹೇಳಿ, ತೆಳುವಾದ ನೈಲಾನ್ ಎಳೆಯೊಂದನ್ನು ಅಂಗಾಲಿನ ಅಲ್ಲಲ್ಲಿ ಒತ್ತುತ್ತಾ ಹೋದರು. ಮೂರು ಕಡೆ ಅವ್ವ ಏನೂ ಹೇಳಲಿಲ್ಲ, ಸಕ್ಕರೆ ಕಾಯಿಲೆಯಿಂದ ಅಲ್ಲಿ ಸ್ಪರ್ಶವೇ ಗೊತ್ತಾಗುತ್ತಿರಲಿಲ್ಲ. ಮುಲಾಮು ಹಚ್ಚಬಹುದು, ಬೆರಳ ಸಂದಿಗೆ ಬೇಡ. ಬಿಸಿನೀರಿನಲ್ಲಿ ಕಾಲು ನೆನೆಸುವುದು, ಯಂತ್ರ, ಬ್ಲೇಡು, ಆಣಿಗೆ ಅಂಟಿಸುವ ಔಷಧಿಯ ಪಟ್ಟಿ ಯಾವುದೂ ಇವರಿಗೆ ಬೇಡವೇ ಬೇಡ ಎಂದರು. ಅಂದಿನಿಂದ ಹಚ್ಚುವ ಮೊದಲು ಅಂಗಾಲನ್ನು ಟಾರ್ಚಿನ ಬೆಳಕಿನಲ್ಲಿ ನೋಡುತ್ತೇನೆ, ಚಪ್ಪಲಿಯೊಳಗೂ ಕೈಯಾಡಿಸುತ್ತೇನೆ.

ಕೊಬ್ಬರಿ ಎಣ್ಣೆ: ಹಿತವಾಗಿತ್ತು, ಆಳವಾದ ಸೀಳಿಗೆ ಸಾಲಲಿಲ್ಲ. ಕರಗಿಸಿದ ಮೇಣ: ಒಂದೇ ಸಲ ಮಾಡಿದೆ, ಎದ್ದು ಹೋಯಿತು. ಕಾಲು ಉಜ್ಜುವ ಕಲ್ಲು: ವಾರಕ್ಕೊಮ್ಮೆ, ಸ್ನಾನದ ಕೊನೆಗೆ, ಹಗುರವಾಗಿ, ನನಗೆ ಮಾತ್ರ, ಅವ್ವನಿಗಲ್ಲ.

ಖರ್ಚಿನ ಮಾತು. ಟ್ಯೂಬಿಗೆ ಇನ್ನೂರೈವತ್ತು ರೂಪಾಯಿ ಕೊಡುತ್ತೇನೆ, ಇಬ್ಬರಿಗೆ ಇಪ್ಪತ್ತು ದಿನ ಬರುತ್ತದೆ. ಜೆಲ್ಲಿಗೆ ಅದರ ಕಾಲು ಭಾಗವೂ ಆಗುವುದಿಲ್ಲ. ಕೈ ಬಿಗಿ ಇದ್ದು, ಕಾಲಿನ ಸ್ಪರ್ಶ ಚೆನ್ನಾಗಿದ್ದು, ಹಚ್ಚಿಕೊಂಡ ಮೇಲೆ ಏಳಬೇಕಾಗಿಲ್ಲದವರು ಜೆಲ್ಲಿ ಮತ್ತು ಕತ್ತರಿಸಿದ ಕಾಲುಚೀಲ ಇಟ್ಟುಕೊಳ್ಳಲಿ. ಎಂಟುನೂರು ರೂಪಾಯಿ ಇದ್ದರೆ ಯಂತ್ರ ಬಿಟ್ಟು, ಹಿಂದೆ ಪಟ್ಟಿ ಇರುವ ದಪ್ಪ ಅಟ್ಟೆಯ ಚಪ್ಪಲಿ ಕೊಳ್ಳಿ. ಮಳೆಗಾಲದಲ್ಲಿ ನಾನು ಮುಲಾಮನ್ನು ದಿನ ಬಿಟ್ಟು ದಿನ ಹಚ್ಚುತ್ತೇನೆ. ಈ ಸಲ ದೀಪಾವಳಿ ಮುಗಿದ ಮೇಲೆ ಒಂದು ರಾತ್ರಿಯೂ ತಪ್ಪಿಸುವುದಿಲ್ಲ. ಜಾತ್ರೆಯಲ್ಲಿ ಮತ್ತೆ ಬರಿಗಾಲಲ್ಲಿ ನಿಂತು ಬಡಿಸಬೇಕಿದೆ.