ಗೇರ್ ನಮ್ಮ ಕೈಯಲ್ಲೇ ಇರಬೇಕು ಎನ್ನುವವರಿಗೆ: ವರ್ನಾ, ವರ್ಟಸ್, ಸ್ಲಾವಿಯಾ, ಸಿಟಿ

ವೇಗದ ಸೆಡಾನ್ ಬೇಕು, ಆದರೆ ಗೇರ್ ಹಾಕುವ ಕೆಲಸವನ್ನು ಯಂತ್ರಕ್ಕೆ ಒಪ್ಪಿಸಲು ಮನಸ್ಸಿಲ್ಲ. ಈ ಹಟ ಹಿಡಿದು ಹೊರಟವರಿಗೆ ಭಾರತದ ಮಧ್ಯಮ ಗಾತ್ರದ ಸೆಡಾನ್‌ಗಳಲ್ಲಿ ಮುಖ್ಯವಾಗಿ ಎದುರಾಗುತ್ತ ಬಂದದ್ದು ನಾಲ್ಕು ಹೆಸರು: ಹ್ಯುಂಡೈ ವರ್ನಾ ಟರ್ಬೊ, ಫೋಕ್ಸ್‌ವ್ಯಾಗನ್ ವರ್ಟಸ್ ಜಿಟಿ, ಸ್ಕೋಡಾ ಸ್ಲಾವಿಯಾ 1.5 ಮತ್ತು ಹೋಂಡಾ ಸಿಟಿ. ನಾಲ್ಕರದ್ದೂ ಒಂದೂವರೆ ಲೀಟರ್ ಪೆಟ್ರೋಲ್ ಎಂಜಿನ್, ಆರು ಗೇರ್, ಮುಂದಿನ ಚಕ್ರಗಳಿಗೆ ಶಕ್ತಿ. ಎಲ್ಲವನ್ನೂ ಒಂದೇ ರಸ್ತೆಯಲ್ಲಿ, ಒಂದೇ ಬಗೆಯಲ್ಲಿ ಓಡಿಸಿ ನೋಡಿದ ಮೇಲೆ ನನ್ನ ಮತ ವರ್ಟಸ್ ಮತ್ತು ಸ್ಲಾವಿಯಾಗಳಿಗೆ.

ಕಾಗದದ ಲೆಕ್ಕ ಬೇರೆಯದನ್ನೇ ಹೇಳುತ್ತದೆ. ವರ್ನಾದ್ದು 160 ಪಿಎಸ್ (ಅಶ್ವಶಕ್ತಿಯ ಅಳತೆ) ಶಕ್ತಿ, 253 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ಚಕ್ರ ತಿರುಗಿಸುವ ಬಲ. ವರ್ಟಸ್ ಮತ್ತು ಸ್ಲಾವಿಯಾ ಎರಡರಲ್ಲೂ ಇರುವುದು ಒಂದೇ ಎಂಜಿನ್: 150 ಪಿಎಸ್, 250 ನ್ಯೂಟನ್ ಮೀಟರ್. ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಇಲ್ಲದ ಸಿಟಿಯದ್ದು 121 ಪಿಎಸ್ ಮತ್ತು 145 ನ್ಯೂಟನ್ ಮೀಟರ್. ನೇರ ರಸ್ತೆಯಲ್ಲಿ ಕಾಲು ಅದುಮಿದರೆ ವರ್ನಾದ ರಭಸವೇ ರಭಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಪೂರ್ತಿ ಅದುಮಿ ಓಡಿಸುವ ಅವಕಾಶ ದಿನಕ್ಕೆ ಎಷ್ಟು ಬಾರಿ ಸಿಕ್ಕೀತು?

ಮ್ಯಾನ್ಯುಯಲ್ ಕಾರಿನ ನಿಜವಾದ ಗುಣ ತಿಳಿಯುವುದು ಮೂರನೇ ಗೇರ್‌ನಲ್ಲಿ. ಲಾರಿಯ ಹಿಂದೆ ಗಂಟೆಗೆ 40 ಕಿಲೊಮೀಟರ್ ವೇಗದಲ್ಲಿ ಹೋಗುತ್ತಿದ್ದೀರಿ, ಎದುರಿನ ರಸ್ತೆ ಖಾಲಿಯಾಯಿತು, ಗೇರ್ ಇಳಿಸದೆ ಆಕ್ಸಿಲರೇಟರ್ ಒತ್ತಿದಿರಿ. ಟರ್ಬೊ ತಿರುಗುವುದು ಎಂಜಿನ್ ಉಗುಳುವ ಹೊಗೆಯ ಒತ್ತಡದಿಂದ, ಆದ್ದರಿಂದ ಎಂಜಿನ್ ನಿಧಾನವಾಗಿ ಸುತ್ತುತ್ತಿರುವಾಗ ಅದಕ್ಕೆ ಬೇಕಾದಷ್ಟು ಉಸಿರು ಇರುವುದಿಲ್ಲ. ಆಟೊಮ್ಯಾಟಿಕ್ ಕಾರು ಆ ಹೊತ್ತಿನಲ್ಲಿ ತಾನೇ ಒಂದು ಗೇರ್ ಇಳಿಸಿ ಈ ಕೊರತೆಯನ್ನು ಮುಚ್ಚಿಬಿಡುತ್ತದೆ. ಮ್ಯಾನ್ಯುಯಲ್‌ನಲ್ಲಿ ಅದು ಬೆತ್ತಲಾಗಿ ಎದುರು ನಿಲ್ಲುತ್ತದೆ. ವರ್ನಾ ಇಲ್ಲಿ ಸ್ವಲ್ಪ ತಡೆದು, ಆಮೇಲೆ ಒಮ್ಮೆಲೇ ಮುನ್ನುಗ್ಗುತ್ತದೆ. ಮೈ ಜುಮ್ಮೆನ್ನುವುದು ನಿಜ, ಆದರೆ ಎಷ್ಟು ಒತ್ತಿದರೆ ಎಷ್ಟು ಬರುತ್ತದೆ ಎಂಬ ಅಂದಾಜು ಕಾಲಿಗೆ ಬೇಗ ಸಿಗುವುದಿಲ್ಲ. ವರ್ಟಸ್ ಮತ್ತು ಸ್ಲಾವಿಯಾದಲ್ಲಿ ಪಿಕಪ್ ಏರುವ ರೀತಿ ಇನ್ನಷ್ಟು ಸಮ. 1,600 ಆರ್‌ಪಿಎಂನಿಂದ (ಎಂಜಿನ್ ನಿಮಿಷಕ್ಕೆ ಸುತ್ತುವ ಲೆಕ್ಕ) 3,500ರವರೆಗೂ ಟಾರ್ಕ್ ಪೂರ್ತಿ ಸಿಗುವುದರಿಂದ ಕಾಲು ಕೇಳಿದಷ್ಟನ್ನೇ ಎಂಜಿನ್ ಕೊಡುತ್ತದೆ. ನನಗೆ ಬೇಕಾದದ್ದು ಈ ನಂಬಿಕೆ.

ಸಿಟಿಯದ್ದು ಬೇರೆಯೇ ಜಾತಿ. ಅದರ ಟಾರ್ಕ್ ತುದಿ ಮುಟ್ಟುವುದು 4,300ರಲ್ಲಿ, ಶಕ್ತಿಯ ತುದಿ 6,600ರಲ್ಲಿ. ಮೂರನೇ ಗೇರ್‌ನಲ್ಲಿ ಲಾರಿಯನ್ನು ಹಿಂದಿಕ್ಕುವ ಮಾತೇ ಇಲ್ಲ, ಎರಡಕ್ಕೆ ಇಳಿಸಲೇಬೇಕು. ಇಳಿಸಿದ ಮೇಲೆ ಮಾತ್ರ ಅದರ ಸೊಗಸು ಕಾಣುತ್ತದೆ: ಟರ್ಬೊ ಇಲ್ಲವಾದ್ದರಿಂದ ಕಾಲಿಗೂ ಎಂಜಿನ್ನಿಗೂ ನಡುವೆ ತಡೆಯೇ ಇಲ್ಲ, ಆರ್‌ಪಿಎಂ ಸೂಜಿ ಏರಿದಂತೆ ದನಿಯೂ ಏರುತ್ತದೆ. ಗೇರ್ ಲಿವರ್ ಕೂಡ ಗಿಡ್ಡ ಚಲನೆಯದು, ಕೈಗೆ ಹಿತವಾದದ್ದು. ಗೇರ್ ಬದಲಾಯಿಸುವ ಸುಖಕ್ಕಾಗಿಯೇ ಕಾರು ಕೊಳ್ಳುವವರು ಇದನ್ನು ಓಡಿಸದೆ ತೀರ್ಮಾನಿಸಬಾರದು. ಐದು ಜನ ಕುಳಿತು ಏರು ಹತ್ತುವಾಗ ಮಾತ್ರ ಎಡಗೈಗೆ ಬಿಡುವಿರುವುದಿಲ್ಲ.

ಟೆಸ್ಟ್ ಡ್ರೈವ್‌ನಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಿ. ಎರಡರಿಂದ ಮೂರಕ್ಕೆ ಹೋಗುವಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆದು ಕ್ಲಚ್ ಒತ್ತಿ ಸೂಜಿಯನ್ನು ನೋಡಿ. ಈಗಿನ ಎಷ್ಟೋ ಎಂಜಿನ್‌ಗಳಲ್ಲಿ ಅದು ಥಟ್ಟನೆ ಬೀಳುವುದಿಲ್ಲ, ಅರೆಕ್ಷಣ ಅಲ್ಲೇ ತೂಗುತ್ತದೆ. ಹೊಗೆಯ ಮಾಲಿನ್ಯ ತಗ್ಗಿಸಲು ಎಂಜಿನ್‌ನ ಕಂಪ್ಯೂಟರ್ ಥ್ರಾಟಲನ್ನು (ಗಾಳಿ ಒಳಬಿಡುವ ಕವಾಟ) ನಿಧಾನವಾಗಿ ಮುಚ್ಚುವುದು ಇದಕ್ಕೆ ಒಂದು ಕಾರಣ. ಅವಸರದಲ್ಲಿ ಕ್ಲಚ್ ಬಿಟ್ಟರೆ ಕಾರು ಮುಂದಕ್ಕೆ ಜಗ್ಗುತ್ತದೆ. ಆ ಲಯ ನಿಮ್ಮ ಕಾಲಿಗೆ ಒಗ್ಗುತ್ತದೋ ಇಲ್ಲವೋ ಎಂಬುದನ್ನು ಯಾವ ವಿಮರ್ಶೆಯೂ ಹೇಳಲಾರದು, ನೀವೇ ಕುಳಿತು ನೋಡಬೇಕು. ಕ್ಲಚ್‌ನ ಹಗುರತನದಲ್ಲಿ ವರ್ನಾ ನನಗೆ ತುಂಬ ಹಿಡಿಸಿತು. ಟ್ರಾಫಿಕ್‌ನಲ್ಲೇ ಹೆಚ್ಚು ಓಡಾಡುವವರಿಗೆ ಅದೊಂದೇ ಸಾಕಷ್ಟು ದೊಡ್ಡ ಕಾರಣವಾಗಬಹುದು.

ವೇಗ ಏರಿದಾಗ ವರ್ಟಸ್ ಮತ್ತು ಸ್ಲಾವಿಯಾದ ಸ್ಟೀರಿಂಗ್ ತೂಕ ತಂದುಕೊಳ್ಳುತ್ತದೆ, ತಿರುವಿನಲ್ಲಿ ಕಾರು ನೆಲಕ್ಕೆ ಅಂಟಿಕೊಂಡಂತೆ ಸಾಗುತ್ತದೆ. ವರ್ನಾ ಸ್ಥಿರವಾಗಿಯೇ ಇದ್ದರೂ ಅದರ ಸ್ಟೀರಿಂಗ್ ನನ್ನ ಕೈಗೆ ಹಗುರ. ಒದ್ದೆ ರಸ್ತೆಯಲ್ಲಿ ಎರಡನೇ ಗೇರ್‌ನಲ್ಲಿ ಇಷ್ಟು ಟಾರ್ಕ್ ಒಮ್ಮೆಲೇ ಮುಂದಿನ ಚಕ್ರಗಳಿಗೆ ಬಿದ್ದರೆ ಅವು ಜಾರಲು ನೋಡುವುದು ಸಹಜ, ಮೂರೂ ಟರ್ಬೊ ಕಾರುಗಳಲ್ಲಿ ಕಾಲಿಗೆ ಸಂಯಮ ಬೇಕು. ಹಿಂದಿನ ಸೀಟಿನ ವೈಶಾಲ್ಯ ಮುಖ್ಯವೆಂದರೆ ವರ್ನಾದ 2,670 ಮಿಲಿಮೀಟರ್ ವೀಲ್‌ಬೇಸ್ (ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವಿನ ಅಂತರ) ನಾಲ್ಕರಲ್ಲೂ ಉದ್ದ. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಸಾಗುವಾಗ ವರ್ಟಸ್ ಮತ್ತು ಸ್ಲಾವಿಯಾದ ಎಂಜಿನ್ ನಾಲ್ಕರಲ್ಲಿ ಎರಡು ಸಿಲಿಂಡರ್‌ಗಳನ್ನು ನಿಲ್ಲಿಸಿ ಇಂಧನ ಉಳಿಸುತ್ತದೆ, ಆ ಬದಲಾವಣೆ ಕಾಲಿಗೆ ತಿಳಿಯುವುದೇ ಇಲ್ಲ.

ವರ್ಟಸ್ಸೋ ಸ್ಲಾವಿಯಾವೋ ಎಂದರೆ ತಳಹದಿ, ಎಂಜಿನ್, ಡಿಕ್ಕಿಯ 521 ಲೀಟರ್ ಜಾಗ ಎಲ್ಲವೂ ಒಂದೇ. ಕಣ್ಣಿಗೆ ಒಪ್ಪಿದ್ದನ್ನು ಆರಿಸಿಕೊಳ್ಳಿ. ಸೆಕೆಂಡ್ ಹ್ಯಾಂಡ್ ಹುಡುಕುವವರಿಗೆ ಮಾತ್ರ ವ್ಯತ್ಯಾಸವಿದೆ: ಸ್ಲಾವಿಯಾ 1.5ಕ್ಕೆ 2022ರಲ್ಲಿ ಬಂದಾಗಿನಿಂದಲೇ ಮ್ಯಾನ್ಯುಯಲ್ ಇತ್ತು, ವರ್ಟಸ್ ಜಿಟಿಗೆ ಅದು ಸಿಕ್ಕಿದ್ದು 2023ರಲ್ಲಿ.