ಹೆಗಲು ನೋವಿಗೆ ಎಲೆಕಿಳಿ: ಕಾಸರಗೋಡು ಕಡೆಯ ಚಿಕಿತ್ಸೆ ಹೇಗಿದೆ?

ಕುಂಬಳೆ, ಬದಿಯಡ್ಕ, ಕಾಸರಗೋಡು ಪೇಟೆಯ ಆಯುರ್ವೇದ ಚಿಕಿತ್ಸಾಲಯಗಳಿಗೆ ಹೆಗಲು ನೋವೆಂದು ಹೋದರೆ ಸಾಮಾನ್ಯವಾಗಿ ಸಿಗುವುದು ಎಣ್ಣೆ ತಿಕ್ಕಿ ಎಲೆಕಿಳಿ, ಅಂದರೆ ಹುರಿದ ಸೊಪ್ಪಿನ ಬಿಸಿ ಗಂಟು, ಇಡುವ 7 ದಿನಗಳ ಚಿಕಿತ್ಸೆ. ದೋಟಿ ಹಿಡಿದು ಅಡಕೆ ಕೊಯ್ಯುವವರು, ತಲೆ ತಗ್ಗಿಸಿ ಬೀಡಿ ಕಟ್ಟುವವರು, ಕಂಪ್ಯೂಟರ್ ಎದುರು ಕೂರುವವರು, ಹೀಗೆ ಕುತ್ತಿಗೆಯಿಂದ ಹೆಗಲಿಗೆ ಇಳಿಯುವ ಸ್ನಾಯು ಬಿಗಿದುಕೊಂಡವರಿಗೆ ಇದು ಹಣ ಕೊಟ್ಟು ಮಾಡಿಸಿಕೊಳ್ಳಬಹುದಾದ ಚಿಕಿತ್ಸೆ. ಗುಣ ಸಿಗುವುದು ಬಿಸಿ ಕೊನೆತನಕ ಆರದೆ ಉಳಿದರೆ ಮಾತ್ರ.

ನೆಕ್ಕಿ (ಲಕ್ಕಿ), ಎಕ್ಕ, ಹರಳು, ನುಗ್ಗೆ, ಹುಣಸೆ ಸೊಪ್ಪುಗಳನ್ನು ಹೆಚ್ಚಿ, ತೆಂಗಿನ ತುರಿ, ಲಿಂಬೆ ಹೋಳು, ಸೈಂಧವ ಉಪ್ಪು ಸೇರಿಸಿ ಎಣ್ಣೆಯಲ್ಲಿ ಹುರಿದು ಬಟ್ಟೆಯಲ್ಲಿ ಗಂಟು ಕಟ್ಟುತ್ತಾರೆ. ತುರಿ ಕೆಂಪಗಾಗುವ ತನಕ ಹುರಿಯಬೇಕು. ಸೊಪ್ಪಿನ ನೀರು ಆರದಿದ್ದರೆ ಕಿಳಿ ಬೇಗ ಹಳಸುತ್ತದೆ. ಒಂದು ಹೆಗಲಿಗೂ ಕನಿಷ್ಠ 2 ಕಿಳಿ ಬೇಕೇ ಬೇಕು: ಒಂದು ಮೈಮೇಲಿದ್ದಾಗ ಇನ್ನೊಂದು ಬಾಣಲೆಯಲ್ಲಿರಬೇಕು. ಒಂದರಲ್ಲೇ ಸುಧಾರಿಸುವ ಕಡೆ ಅದು ಬಿಸಿಯಾಗುವಷ್ಟರಲ್ಲಿ ಹೆಗಲು ತಣಿದು, ಸಡಿಲವಾದ ಸ್ನಾಯು ಮತ್ತೆ ಬಿಗಿಯುತ್ತದೆ. ತಲೆಯ ಮೇಲೆ ಫ್ಯಾನ್ ತಿರುಗುತ್ತಿದ್ದರೂ ಅದೇ ಕಥೆ, ಆಫ್ ಮಾಡಲು ಹೇಳಿ. ಅನುಭವಿಗಳು ಕಿಳಿಯನ್ನು ಮೊದಲು ತಮ್ಮ ಅಂಗೈ ಹಿಂಬದಿಗೆ ತಾಗಿಸಿ ನೋಡುತ್ತಾರೆ. ಸುಡುಬಿಸಿ ಇರುವಾಗ ಮೆಲ್ಲಗೆ ತಟ್ಟಿ, ಬಿಸಿ ತಗ್ಗಿದಂತೆ ಒತ್ತಿ ಉಜ್ಜುತ್ತಾರೆ. ಇದು 30ರಿಂದ 45 ನಿಮಿಷದ ಕೆಲಸ. ಒಂದೇ ಕಿಳಿಯನ್ನು 3 ದಿನ ಬಳಸುವ ರೂಢಿಯಿದೆ; ಹುಳಿ ವಾಸನೆ ಬಂದರೆ ಅಂದೇ ಹೊಸತು ಕೇಳಿ.

ಕಿಳಿಗಿಂತ ಮೊದಲು 10–15 ನಿಮಿಷ ಎಣ್ಣೆ ತಿಕ್ಕುತ್ತಾರಲ್ಲ, ಕೆಲಸಗಾರರ ಕೈಗುಣ ತಿಳಿಯುವುದು ಅಲ್ಲಿ. ಬೆನ್ನಿನ ರೆಕ್ಕೆ ಎಲುಬಿನ ಒಳಮೂಲೆಯ ಮೇಲ್ತುದಿಯಲ್ಲಿ ಗಂಟು ಸಿಕ್ಕರೆ ಹೆಬ್ಬೆರಳನ್ನು ಅಲ್ಲೇ ಅರ್ಧದಿಂದ ಒಂದು ನಿಮಿಷ ಒತ್ತಿ ಹಿಡಿಯಬೇಕು. ಬಲ ಹಾಕಿ ಗಸಗಸ ತಿಕ್ಕಿದರೆ ಸ್ನಾಯು ಇನ್ನಷ್ಟು ಸೆಟೆಯುತ್ತದೆ, ಮರುದಿನ ಚರ್ಮ ನೀಲಿಗಟ್ಟಿರುತ್ತದೆ. ನೋವಾದಷ್ಟೂ ಗುಣ ಎನ್ನುವವರ ಮಾತು ನಂಬಬೇಡಿ. ಕುತ್ತಿಗೆ ತಿರುಚಿ ನೆಟಿಕೆ ತೆಗೆಯಲು ಬಂದರೆ ನೇರವಾಗಿ ಬೇಡ ಎನ್ನಿ.

ಎಣ್ಣೆ ಯಾವುದೆಂದು ಕೇಳುವುದು ನಿಮ್ಮ ಹಕ್ಕು. ಜಡ್ಡುಗಟ್ಟಿದ ಹೆಗಲಿಗೆ ಕೊಟ್ಟಂಚುಕ್ಕಾದಿ ತೈಲ ಹೊಂದುತ್ತದೆ. ಶುಂಠಿ, ಬೆಳ್ಳುಳ್ಳಿ, ಸಾಸಿವೆ, ಹುಣಸೆ ಎಲ್ಲ ಬೀಳುವ ಎಳ್ಳೆಣ್ಣೆ ಅದು. ಉಳುಕು, ಪೆಟ್ಟು ಇದ್ದರೆ ತೆಂಗಿನೆಣ್ಣೆಯ ಮುರಿವೆಣ್ಣ. ಎಲ್ಲರಿಗೂ ಒಂದೇ ಡಬ್ಬಿಯಿಂದ ಸುರಿಯುವ ಜಾಗವಾದರೆ ಬೇರೆ ಕಡೆ ನೋಡಿ. ಹೆಗಲೊಂದಕ್ಕೆ ನೋವಿದ್ದರೂ ಇಡೀ ಮೈಯ ಪ್ಯಾಕೇಜ್ ಮುಂದಿಡುವ ಅಭ್ಯಾಸವಿದೆ. ಆ ಹಣಕ್ಕೆ ಹೆಗಲಿಗೇ ಹೆಚ್ಚು ಹೊತ್ತು ಕೇಳುವುದು ಲೇಸು. ಆಟಿ ತಿಂಗಳಲ್ಲಿ (ಜುಲೈ–ಆಗಸ್ಟ್) ಮಳೆಗಾಲದ ಚಿಕಿತ್ಸೆಗೆ ಜನ ಹೆಚ್ಚು, ಬೆಳಗ್ಗಿನ ಮೊದಲ ಸಮಯ ಗೊತ್ತುಮಾಡಿಕೊಳ್ಳಿ.

ಹೆಗಲಿನ ಕೀಲೇ ಬಿಗಿದು ಕೈ ಮೇಲೇಳದ ಫ್ರೋಜನ್ ಶೋಲ್ಡರ್ ಮಾತ್ರ ಬೇರೆ ಲೆಕ್ಕ. ಮೊಣಕೈಯನ್ನು ಪಕ್ಕೆಗೆ ಒತ್ತಿ ಮಡಚಿ, ಮುಂಗೈಯನ್ನು ಹೊರಕ್ಕೆ ತಿರುಗಿಸಿ. ಬೇರೆಯವರು ಮೆಲ್ಲಗೆ ತಳ್ಳಿದರೂ ಹೋಗದಿದ್ದರೆ ಕೀಲಿನ ಚೀಲವೇ ಬಿಗಿದಿರುವ ಸಾಧ್ಯತೆ ಹೆಚ್ಚು. ಸಕ್ಕರೆ ಕಾಯಿಲೆಯವರಲ್ಲಿ ಇದು ಜಾಸ್ತಿ. ಕಿಳಿಯಿಂದ ನೋವು ತಗ್ಗೀತು, ಆದರೆ ಕೈ ಮೇಲೇಳಲು ತಿಂಗಳುಗಟ್ಟಲೆ ವ್ಯಾಯಾಮ ಬೇಕು. 7 ದಿನದಲ್ಲಿ ಪೂರ್ತಿ ವಾಸಿ ಎನ್ನುವವರು ಸುಳ್ಳು ಹೇಳುತ್ತಿದ್ದಾರೆ. ಕಿಳಿ ಮುಗಿದು ಹೆಗಲು ಬೆಚ್ಚಗಿರುವಾಗಲೇ ಮುಂದಕ್ಕೆ ಬಾಗಿ ಕೈಯನ್ನು ಇಳಿಬಿಟ್ಟು ತೂಗಿಸುವುದು, ಗೋಡೆಯ ಮೇಲೆ ಬೆರಳು ನಡೆಸುವುದು ಇವನ್ನು ಮಾಡಿಸುವ ಚಿಕಿತ್ಸಾಲಯ ಸಿಕ್ಕರೆ ಬಿಡಬೇಡಿ. ಸಕ್ಕರೆ ಕಾಯಿಲೆಯಿಂದ ಚರ್ಮದ ಸ್ಪರ್ಶ ಕುಂದಿದ್ದರೆ ಮೊದಲೇ ತಿಳಿಸಿ, ಸುಟ್ಟದ್ದು ಗೊತ್ತಾಗುವುದಿಲ್ಲ.

ಬಿದ್ದು ಕೈ ಎತ್ತಲಾಗದವರು, ಬೆರಳು ಜೋಮು ಹಿಡಿದವರು, ಜ್ವರ ಇರುವವರು ಎಣ್ಣೆ ಹಾಕಿಸುವ ಮೊದಲು ಡಾಕ್ಟರಿಗೆ ತೋರಿಸಬೇಕು. ಎದೆ ಹಿಂಡಿ, ಬೆವರಿ, ಎಡಹೆಗಲು ನೋಯುತ್ತಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.