ಕಿತ್ತಳೆ ಗಿಡ ಸಾಯಿಸಿದವರ ಪುಸ್ತಕ

ಹಳೆ ಪುಸ್ತಕದ ಅಂಗಡಿಯಲ್ಲಿ 60 ರೂಪಾಯಿಗೆ ಸಿಕ್ಕಿತು, ಜಪಾನಿನ ರೈತ ಮಸನೊಬು ಫುಕುವೋಕಾ ಸಹಜ ಕೃಷಿಯ ಬಗ್ಗೆ ಬರೆದ ‘ಒಂದು ಹುಲ್ಲಿನ ಕ್ರಾಂತಿ’. ಮನೆಗೆ ತಂದು ನೋಡಿದರೆ ಎರಡು ಹಾಳೆ ಇಲ್ಲ. ಮರುದಿನ ಹೋಗಿ ಕೇಳಿದೆ. ‘ಅದಕ್ಕೇ ಅಲ್ರೀ ಅರವತ್ತಕ್ಕ ಕೊಟ್ಟಿದ್ದು’ ಎಂದ ಅಂಗಡಿಯವ.

ನಾನು ಕಲಬುರಗಿಯ ಒಂದು ದಾಲ್ ಮಿಲ್‌ನಲ್ಲಿ ಲೆಕ್ಕ ಬರೆಯುವವನು. ಗಂಜ್‌ಗೆ, ಅಂದರೆ ಕಾಳಿನ ಮಾರುಕಟ್ಟೆಗೆ, ತೊಗರಿ ಬರುವುದು ಕಡಿಮೆಯಾದ ಮೇಲೆ ಮಧ್ಯಾಹ್ನ ಸುಮ್ನೆ ಕೂತಿರುತ್ತೇವೆ. ನಾಲ್ಕು ಮಧ್ಯಾಹ್ನದಲ್ಲಿ ಓದಿ ಮುಗಿಸಿದೆ.

ಸಹಜ ಕೃಷಿ ಅಂದಕೂಡಲೇ ಯಾರೋ ಗಡ್ಡದ ಸ್ವಾಮೀಜಿ ಇರಬೇಕು ಅಂದುಕೊಂಡಿದ್ದೆ. ಗಡ್ಡವೇನೋ ಇದೆ. ಆದರೆ ಇವರು ಮೊದಲು ಸೂಕ್ಷ್ಮದರ್ಶಕದ ಮುಂದೆ ಕೂತ ಮನುಷ್ಯ. ಹುಟ್ಟಿದ್ದು 1913ರಲ್ಲಿ, ಶಿಕೋಕು ದ್ವೀಪದಲ್ಲಿ. ಯೊಕೊಹಾಮಾ ಬಂದರಿನ ಕಸ್ಟಮ್ಸ್‌ನಲ್ಲಿ ಗಿಡಗಳ ರೋಗ ಪರೀಕ್ಷಿಸುವ ನೌಕರಿ. 2022ರಲ್ಲಿ ನೆಟೆ ರೋಗ ಬಂದು ನಮ್ಮ ತೊಗರಿ ಕಾಯಿ ಕಟ್ಟುವ ಹೊತ್ತಿಗೆ ನಿಂತಲ್ಲೇ ಒಣಗಿತ್ತು. ರೋಗ ಬಲ್ಲವನೇ ಹೊಲಕ್ಕಿಳಿದರೆ ಏನಾಗುತ್ತದೆ ನೋಡೋಣ ಎಂದೇ ಓದತೊಡಗಿದೆ. (ನೆಟೆಗೆ ಇದರಲ್ಲಿ ಮದ್ದಿಲ್ಲ. ಆ ಆಸೆಯಿಂದ ಕೊಳ್ಳಬೇಡಿ.)

ಇಪ್ಪತ್ತೈದರ ಹರೆಯದಲ್ಲಿ ನ್ಯುಮೋನಿಯಾ ಆಗಿ ಆಸ್ಪತ್ರೆ ಸೇರುತ್ತಾರೆ. ಎದ್ದ ಮೇಲೆ ನೌಕರಿ ಬೇಡವಾಗಿ ಊರಿಗೆ ಬಂದು ಅಪ್ಪನ ಕಿತ್ತಳೆ ತೋಟ ಹಿಡಿಯುತ್ತಾರೆ. ಗಿಡ ತನ್ನಷ್ಟಕ್ಕೆ ಬೆಳೆಯಲಿ ಎಂದು ಸವರುವುದನ್ನೇ ಬಿಡುತ್ತಾರೆ. ಕೊಂಬೆಗೆ ಕೊಂಬೆ ಸಿಕ್ಕಿಕೊಂಡು, ಹುಳ ಬಿದ್ದು, ತೋಟ ಒಣಗುತ್ತದೆ. ಇದು ಸಹಜ ಕೃಷಿಯಲ್ಲ, ಗಿಡಗಳನ್ನು ಕೈಬಿಟ್ಟಿದ್ದು ಅಷ್ಟೇ ಎಂದು ಅವರೇ ಒಪ್ಪಿಕೊಳ್ಳುತ್ತಾರೆ. ನನಗೆ ಇಡೀ ಪುಸ್ತಕದಲ್ಲಿ ಇಷ್ಟವಾಗಿದ್ದು ಇದೇ. ಕೃಷಿ ಪುಸ್ತಕ ಬರೆಯುವವರು ತಮ್ಮ ಹೊಲ ಹಾಳಾಗಿದ್ದನ್ನು ಎಲ್ಲಿ ಬರೆಯುತ್ತಾರೆ? ಆಮೇಲೆ ಮತ್ತೆ ಸರ್ಕಾರಿ ಸಂಶೋಧನಾ ಕೇಂದ್ರದಲ್ಲಿ ನೌಕರಿ. ಯುದ್ಧ ಮುಗಿದ ಮೇಲೆ ವಾಪಸ್ ಊರಿಗೆ. ಪುಸ್ತಕ ಬಂದದ್ದು 1975ರಲ್ಲಿ, ಅರವತ್ತು ದಾಟಿದ ಮೇಲೆ. ಮ್ಯಾಗ್ಸೆಸೆ ಪ್ರಶಸ್ತಿ 1988ರಲ್ಲಿ.

ನಡುವಿನ ಭಾಗ ಬಹಳ ಚೆನ್ನಾಗಿದೆ. ಭತ್ತ ಇನ್ನೂ ನಿಂತಿರುವಾಗಲೇ ಅದರೊಳಗೆ ಬಾರ್ಲಿ, ಬಿಳಿ ಕ್ಲೋವರ್ (ನೆಲಕ್ಕೆ ಹರಡುವ ಒಂದು ಮೇವಿನ ಸಸ್ಯ) ಬೀಜ ಎರಚಬೇಕು. ಕೊಯ್ದ ಮೇಲೆ ಹುಲ್ಲನ್ನು ಕತ್ತರಿಸದೆ ಹೊಲದ ತುಂಬ ಹರಡಬೇಕು. ಉಳುಮೆ ಇಲ್ಲ, ರಾಸಾಯನಿಕ ಗೊಬ್ಬರ ಹಾಕುವುದಿಲ್ಲ. ಹುಲ್ಲನ್ನು ಒಪ್ಪವಾಗಿ ಸಾಲು ಹಿಡಿದು ಹಾಕಿದರೆ ಮೊಳಕೆ ಮೇಲೆ ಬರುವುದಿಲ್ಲವಂತೆ, ಅಡ್ಡಾದಿಡ್ಡಿ ಚೆಲ್ಲಬೇಕು. ಮಾಡಿ ನೋಡಿದವರಿಗಷ್ಟೇ ಗೊತ್ತಾಗುವ ಮಾತು ಇದು, ಅಲ್ವಾ?

ಕೊನೆಯ ಭಾಗದಲ್ಲಿ ಊಟ, ತತ್ವ ಜಾಸ್ತಿ. ಮನುಷ್ಯನಿಗೆ ಏನೂ ತಿಳಿಯದು ಎಂಬುದನ್ನು ಅಷ್ಟು ಸಲ ಹೇಳಬೇಕಿರಲಿಲ್ಲ. ನಾನು ಹಾಳೆ ಹಾರಿಸಿದೆ.

ಎಳ್ಳಮವಾಸಿಗೆ ಸೇಡಂ ಕಡೆಯ ನಮ್ಮ ಊರಿಗೆ ಹೋದಾಗ ಪುಸ್ತಕ ಜೊತೆಗಿತ್ತು. ಹೊಲದಲ್ಲಿ ಸಜ್ಜೆ ರೊಟ್ಟಿ, ಭಜ್ಜಿ ಉಂಡು ಕೂತಾಗ ಹುಲ್ಲಿನ ಭಾಗ ಅಪ್ಪನಿಗೆ ಓದಿ ಹೇಳಿದೆ.

‘ಕಣಕಿ ಎಲ್ಲ ಹೊಲಕ್ಕ ಚೆಲ್ಲಿದ್ರ ಎತ್ತಿಗೆ ಏನ್ ಹಾಕ್ಲೆಪಾ?’ ಎಂದ ಅಪ್ಪ.

ಇದಕ್ಕೆ ಫುಕುವೋಕಾ ಹತ್ತಿರ ಉತ್ತರವಿಲ್ಲ. ಅವರದು ಮಳೆ ಜಾಸ್ತಿ ಇರುವ ನಾಡು, ಭತ್ತದ ಗದ್ದೆ. ನಮ್ಮದು ಬಿರುಕು ಬಿಡುವ ಎರೆ ಹೊಲ, ಜೋಳದ ದಂಟೆಲ್ಲ ದನದ ಪಾಲು. ಅವರು ಹೇಳಿದಂತೆ ಬೀಜವನ್ನು ಮಣ್ಣಿನ ಉಂಡೆಯೊಳಗಿಟ್ಟು ಬದುವಿನ ಮೇಲೆ ಎಸೆದೂ ನೋಡಿದ್ದೆ. ನಮ್ಮ ಎರೆ ಮಣ್ಣಿನ ಉಂಡೆ ಮಳೆ ಬರುವ ಮೊದಲೇ ಬಿರಿದು ಪುಡಿಯಾಯಿತು. ಹೆಸರು ಕಾಳೆಲ್ಲ ಇರುವೆ ಪಾಲು.

ಅಪ್ಪ ಎದ್ದು ಕೈ ತೊಳೆದು ಬಂದು ಮತ್ತೆ ಕೂತ. ‘ಆ ಗಿಡ ಒಣಗಿಸಿದ್ದು ಇನ್ನೊಮ್ಮಿ ಓದು’ ಎಂದ. ಓದಿದೆ.

‘ಅವರಪ್ಪ ಬೈಲಿಲ್ಲೇನು?’

ಮತ್ತೆ ನೌಕರಿ ಹಿಡಿ ಅಂದರಂತೆ ಎಂದೆ.

‘ನಾನೂ ಅದೇ ಅಂತಿದ್ದೆ’ ಎಂದು ಬುತ್ತಿ ಕಟ್ಟತೊಡಗಿದ.